ಶ್ರವಣದೋಷ: ಯಂತ್ರ ಕೊಂಡರೆ ಸಾಲದು

ಕಣ್ಣು ಕಾಣದವರು ಎದುರಾದರೆ ದಾರಿಹೋಕರೂ ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಕಿವಿ ಕೇಳಿಸದವರು ಎದುರಾದರೆ ನಗುವವರೇ ಹೆಚ್ಚು. ನಮ್ಮ ನಾಟಕ, ಸಿನಿಮಾಗಳಲ್ಲಿ ಕಿವುಡ ತಾತ ಒಂದು ಕೇಳಿದರೆ ಇನ್ನೊಂದು ಹೇಳಿ ಜನರನ್ನು ನಗಿಸುವ ಪಾತ್ರವಾಗಿಯೇ ಉಳಿದಿದ್ದಾನೆ. ‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ಮಾತೂ ಬಳಕೆಯಲ್ಲಿದೆ. ಹೀಗಾಗಿ ತಮಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಒಪ್ಪಿಕೊಳ್ಳಲು ಜನ ನಾಚುತ್ತಾರೆ. ಕೇಳಿಸಿದವರಂತೆ ತಲೆಯಾಡಿಸಿ, ಕ್ರಮೇಣ ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಕಿವಿಯ ತೊಂದರೆ ಮನಸ್ಸಿನ ಒಂಟಿತನವಾಗುವುದು ಹೀಗೆ.

ಶ್ರವಣದೋಷಕ್ಕೆ ಪರಿಹಾರವೆಂದರೆ ಕಿವಿಗೆ ಹಾಕಿಕೊಳ್ಳುವ ಯಂತ್ರ ಎಂಬುದು ಸಾಮಾನ್ಯ ನಂಬಿಕೆ. ಯಂತ್ರ ಬೇಕು, ನಿಜ. ಆದರೆ ಅದು ಪರಿಹಾರದ ಅರ್ಧ ಭಾಗ ಮಾತ್ರ. ಉಳಿದರ್ಧ ಸುತ್ತಲಿನ ಜನರ ಕೈಯಲ್ಲಿದೆ. ಮನೆಯವರು, ಆಶಾ ಕಾರ್ಯಕರ್ತೆ, ವಾಕ್ ಶ್ರವಣ ತಜ್ಞರು, ಶಾಲೆ, ತಂದೆತಾಯಿಯರ ಸಂಘ, ಪಂಚಾಯಿತಿ ಇವರೆಲ್ಲರ ಪಾಲೂ ಅದರಲ್ಲಿದೆ. ಈ ನೆರವು ನಮ್ಮ ರಾಜ್ಯದಲ್ಲಿ ಎಲ್ಲೆಲ್ಲಿ ದೊರೆಯುತ್ತದೆ, ಅದನ್ನು ಪಡೆಯುವ ಬಗೆ ಯಾವುದು ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು.

ಅಪರೂಪದ ತೊಂದರೆಯಲ್ಲ

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಯಂತ್ರ, ತರಬೇತಿ ಮುಂತಾದ ನೆರವು ಬೇಕು. ಶ್ರವಣ ಯಂತ್ರದಿಂದ ಉಪಯೋಗವಾಗಬಲ್ಲ ನೂರು ಜನರಲ್ಲಿ ಅದನ್ನು ಬಳಸುತ್ತಿರುವವರು ಸುಮಾರು 17 ಮಂದಿ ಮಾತ್ರ ಎಂದೂ ಅದೇ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ದೇಶದ 2011ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಶ್ರವಣದೋಷವಿರುವುದು ದಾಖಲಾಯಿತು. ಕರ್ನಾಟಕದ ಪಾಲು ಸುಮಾರು 2 ಲಕ್ಷ 35 ಸಾವಿರ. ಇವರು ತೊಂದರೆಯನ್ನು ತಾವಾಗಿ ಹೇಳಿಕೊಂಡವರು. ಹೇಳಿಕೊಳ್ಳದವರು ಇನ್ನೂ ಹೆಚ್ಚು.

ಶ್ರವಣದೋಷವೆಂದರೆ ಏನೂ ಕೇಳಿಸದಿರುವುದು ಎಂದೇ ಅರ್ಥವಲ್ಲ. ಅನೇಕರಿಗೆ ದನಿ ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಸದ್ದುಗಳನ್ನು ಕೇಳುವ ಶಕ್ತಿ. ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗಿ, ಆ, ಓ ಮುಂತಾದ ಸ್ವರಗಳು ಉಳಿಯುತ್ತವೆ. ಆಗ ‘ಸಾಲ’ ಎಂದರೂ ‘ಕಾಲ’ ಎಂದರೂ ‘ಶಾಲೆ’ ಎಂದರೂ ಹೆಚ್ಚು ಕಡಿಮೆ ಒಂದೇ ಆಗಿ ಕೇಳಿಸುತ್ತದೆ. ‘ಅಜ್ಜನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂದು ಮನೆಯವರು ಆಡಿಕೊಳ್ಳುವುದು ಈ ಕಾರಣದಿಂದ. ಕೋಣೆ ನಿಶ್ಶಬ್ದವಾಗಿದ್ದು, ಮಾತನಾಡುವವರ ಮುಖ ಕಾಣುತ್ತಿದ್ದಾಗ ಅಜ್ಜನಿಗೆ ಅರ್ಥವಾಗಿರುತ್ತದೆ. ಮಿಕ್ಸಿ ತಿರುಗುತ್ತಿರುವಾಗ ಅಡಿಗೆಮನೆಯಿಂದ ಕೂಗಿದರೆ ಅರ್ಥವಾಗಿರುವುದಿಲ್ಲ. ಅಜ್ಜನದು ಹಟವಲ್ಲ.

ಮೊದಲು ಯಾರ ಬಳಿ ಹೋಗಬೇಕು?

ಕೇಳುವಿಕೆ ಕುಂದಿದೆ ಎನಿಸಿದರೆ ಮೊದಲು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಬೇಕು. ಕಿವಿಯಲ್ಲಿ ಗುಗ್ಗೆ ಕಟ್ಟಿರುವುದು, ಕಿವಿ ಸೋರುವುದು, ತಮಟೆಯಲ್ಲಿ ತೂತಾಗಿರುವುದು ಮುಂತಾದವನ್ನು ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸಬಹುದು. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಕಿವಿ ಕೇಳಿಸದಂತಾದರೆ ಅದು ತುರ್ತು ಸ್ಥಿತಿ. ಆಗ ಒಂದು ದಿನವೂ ತಡಮಾಡಬಾರದು. ಬಿಸಿ ಎಣ್ಣೆ ಬಿಡುವುದು, ಬೆಂಕಿಕಡ್ಡಿಯಿಂದ ಕೆರೆಯುವುದು, ಜಾತ್ರೆಯಲ್ಲಿ ಕೂತವರಿಂದ ಕಿವಿ ಶುಚಿ ಮಾಡಿಸಿಕೊಳ್ಳುವುದು ಅಪಾಯಕರ.

ವೈದ್ಯರ ನಂತರದ ಹೆಜ್ಜೆ ವಾಕ್ ಶ್ರವಣ ತಜ್ಞರದು. ಯಾವ ಸ್ಥಾಯಿಯಲ್ಲಿ ಎಷ್ಟು ಡೆಸಿಬೆಲ್ ನಷ್ಟವಾಗಿದೆ ಎಂದು ಅವರು ಅಳೆದು ನಕ್ಷೆ ಬರೆಯುತ್ತಾರೆ. ಶ್ರವಣ ಯಂತ್ರವನ್ನು ಈ ನಕ್ಷೆಗೆ ಹೊಂದಿಸಬೇಕು. ಅಂಗಡಿಯಲ್ಲೋ ಅಂಚೆಯ ಮೂಲಕವೋ ಕಡಿಮೆ ಬೆಲೆಗೆ ಬರುವ ದನಿವರ್ಧಕಗಳು ಎಲ್ಲ ಸದ್ದನ್ನೂ ಒಂದೇ ಸಮನೆ ಜೋರು ಮಾಡುತ್ತವೆ. ಇದರಿಂದ ಉಪಯೋಗಕ್ಕಿಂತ ಕಿರಿಕಿರಿಯೇ ಹೆಚ್ಚು.

ಈ ಪರೀಕ್ಷೆಗೆ ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಕೇಂದ್ರ ಸರ್ಕಾರವು 2006-07ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದ ಉದ್ದೇಶವೇ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೌಲಭ್ಯವನ್ನು ಬೆಳೆಸುವುದು. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದು. ಪರೀಕ್ಷೆ, ಯಂತ್ರದ ಹೊಂದಾಣಿಕೆ, ಕಿವಿಯ ಅಚ್ಚು, ಮಾತಿನ ತರಬೇತಿ, ಮಕ್ಕಳ ಪೂರ್ವ ಪ್ರಾಥಮಿಕ ಶಾಲೆ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ.

ಬೀರುವಿನಲ್ಲಿ ಮಲಗುವ ಯಂತ್ರ

ಯಂತ್ರ ಕೊಂಡ ಮೇಲೂ ಅನೇಕ ಮನೆಗಳಲ್ಲಿ ಅದು ಬೀರುವಿನ ಡಬ್ಬಿ ಸೇರುತ್ತದೆ. ‘ಬರೀ ಗದ್ದಲ, ತಲೆನೋವು’ ಎಂಬ ದೂರು ಸಾಮಾನ್ಯ. ಇದಕ್ಕೆ ಕಾರಣವಿದೆ. ವರ್ಷಗಟ್ಟಲೆ ಸದ್ದು ಕಡಿಮೆಯಾಗಿದ್ದ ಮೆದುಳಿಗೆ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಒಮ್ಮೆಲೇ ಮರಳಿದಾಗ ಬೇಕಾದ್ದನ್ನೂ ಬೇಡದ್ದನ್ನೂ ಬೇರ್ಪಡಿಸಲು ಸಮಯ ಹಿಡಿಯುತ್ತದೆ. ಮೊದಲು ಮನೆಯೊಳಗೆ, ದಿನಕ್ಕೆ ಒಂದೆರಡು ಗಂಟೆ, ಒಬ್ಬರೊಂದಿಗೆ ಮಾತನಾಡುವಾಗ ಬಳಸಬೇಕು. ನಂತರ ನಾಲ್ಕಾರು ಜನರ ನಡುವೆ, ಕೊನೆಗೆ ಪೇಟೆ, ಸಮಾರಂಭಗಳಲ್ಲಿ ಬಳಸಬೇಕು. ಸಂಪೂರ್ಣ ಒಗ್ಗಲು ಕೆಲವು ವಾರಗಳೇ ಬೇಕು. ಈ ಅವಧಿಯಲ್ಲಿ ತಜ್ಞರನ್ನು ಎರಡು ಮೂರು ಬಾರಿ ಕಂಡು ಯಂತ್ರವನ್ನು ಮರುಹೊಂದಿಸಿಕೊಳ್ಳಬೇಕು. ಈ ಮರುಭೇಟಿಗಳೂ ಚಿಕಿತ್ಸೆಯ ಅಂಗವೇ ಎಂಬುದನ್ನು ಮರೆಯಬಾರದು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವದಿಂದ ಯಂತ್ರ ಬೇಗ ಕೆಡುತ್ತದೆ. ರಾತ್ರಿ ಅದನ್ನು ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿಡಬೇಕು. ಅದರ ಗುಂಡು ಸೆಲ್ಲುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನುಂಗಿದರೆ ಪ್ರಾಣಾಪಾಯ.

ಮಗುವಿಗೆ ಕಾಲವೇ ಔಷಧ

ಹುಟ್ಟಿನಿಂದ ಕಿವಿ ಕೇಳಿಸದ ಮಗುವಿನ ವಿಷಯದಲ್ಲಿ ತಿಂಗಳುಗಳಿಗೂ ಬೆಲೆಯಿದೆ. ಮೆದುಳು ಭಾಷೆಯನ್ನು ಹೀರಿಕೊಳ್ಳುವುದು ಮೊದಲ ಕೆಲವು ವರ್ಷಗಳಲ್ಲಿ. ಆದ್ದರಿಂದ ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ ಎಂಬುದು ತಜ್ಞರು ಒಪ್ಪಿರುವ ಸೂತ್ರ. ಪ್ರಾಥಮಿಕ ಪರೀಕ್ಷೆಯಲ್ಲಿ ನಿದ್ರಿಸುತ್ತಿರುವ ಮಗುವಿನ ಕಿವಿಗೆ ಮೆತ್ತನೆಯ ತುದಿಯಿಟ್ಟು ಒಳಕಿವಿಯ ಪ್ರತಿಕ್ರಿಯೆಯನ್ನು ಅಳೆಯುತ್ತಾರೆ. ನೋವಿಲ್ಲ, ಕೆಲವೇ ನಿಮಿಷ ಸಾಕು. ಸಂಶಯವಿದ್ದರೆ ‘ಬೆರಾ’ ಪರೀಕ್ಷೆ ಮಾಡುತ್ತಾರೆ.

ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳು, ತೂಕ ತೀರ ಕಡಿಮೆಯಿದ್ದ ಶಿಶುಗಳು, ಹುಟ್ಟಿದೊಡನೆ ತೀವ್ರ ಕಾಮಾಲೆ ಬಂದವರು, ಗರ್ಭಿಣಿಯಾಗಿದ್ದಾಗ ರುಬೆಲ್ಲಾ ತಗುಲಿದ ತಾಯಂದಿರ ಮಕ್ಕಳು ಇವರ ಪರೀಕ್ಷೆಯನ್ನು ತಪ್ಪಿಸಲೇಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಶ್ರವಣದೋಷದ ತಪಾಸಣೆಯೂ ಸೇರಿದೆ. ಅಂಗನವಾಡಿ, ಶಾಲೆಗಳಿಗೆ ಬರುವ ತಂಡಕ್ಕೆ ನಿಮ್ಮ ಅನುಮಾನವನ್ನು ತಿಳಿಸಿ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಹಿರಿಯರ ಸಮಾಧಾನ ಎಷ್ಟೋ ಮಕ್ಕಳ ಅಮೂಲ್ಯ ವರ್ಷಗಳನ್ನು ನುಂಗಿದೆ.

ಇಂಥ ಮಗುವನ್ನು ‘ಮೂಗ’ ಎನ್ನುವುದು ತಪ್ಪು. ಅದರ ಧ್ವನಿಪೆಟ್ಟಿಗೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೇಳದೆ ಇದ್ದುದರಿಂದ ಮಾತು ಬಂದಿಲ್ಲ, ಅಷ್ಟೆ. ಯಂತ್ರ ಹಾಕಿದ ಮೇಲೆ ಆ ಮಗುವಿಗೆ ಮಾತು ಕಲಿಸುವ ಮುಖ್ಯ ಗುರು ತಾಯಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪೂರ್ವ ಪ್ರಾಥಮಿಕ ಶಾಲೆಯಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕುಳಿತು ಕಲಿಯುತ್ತಾಳೆ. ಅದೇ ಊರಿನಲ್ಲಿ ಕಿವುಡ ಮಕ್ಕಳ ತಂದೆತಾಯಿಯರ ಸಂಘವು ಹಲವು ದಶಕಗಳಿಂದ ತಾಯಿ-ಮಗು ಇಬ್ಬರಿಗೂ ಒಟ್ಟಿಗೆ ತರಬೇತಿ ನೀಡುವ ಶಾಲೆ ನಡೆಸಿಕೊಂಡು ಬಂದಿದೆ. ಇಂಥ ಕೇಂದ್ರದಲ್ಲಿ ತಾಯಿ ಕಲಿಯುವುದು ವಿಧಾನವನ್ನು ಮಾತ್ರವಲ್ಲ. ತನ್ನಂಥ ಇನ್ನೂ ಹತ್ತು ತಾಯಂದಿರನ್ನು ಅಲ್ಲಿ ಕಾಣುತ್ತಾಳೆ. ‘ನನ್ನ ಮಗುವಿಗೇ ಏಕೆ ಹೀಗೆ’ ಎಂಬ ಕೊರಗು ಅಲ್ಲಿ ಎಷ್ಟೋ ಹಗುರವಾಗುತ್ತದೆ.

ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೂ ಇದೇ ಮಾತು ಅನ್ವಯಿಸುತ್ತದೆ. ತೀವ್ರ ದೋಷವಿರುವ ಚಿಕ್ಕ ಮಕ್ಕಳಿಗೆ ಕೇಂದ್ರದ ‘ಎಡಿಪ್’ ಯೋಜನೆಯಲ್ಲಿ, ವಯಸ್ಸು ಮತ್ತು ಆದಾಯದ ಮಿತಿಗೆ ಒಳಪಟ್ಟು, ಇದಕ್ಕೆ ನೆರವಿದೆ. ಆದರೆ ಶಸ್ತ್ರಚಿಕಿತ್ಸೆಯ ಮರುದಿನವೇ ಮಗು ಮಾತನಾಡುವುದಿಲ್ಲ. ವಾರ ವಾರವೂ ತರಬೇತಿ ಬೇಕು, ಮನೆಯಲ್ಲಿ ದಿನವೂ ಅಭ್ಯಾಸ ಬೇಕು, ಅದೂ ವರ್ಷಗಳ ಕಾಲ. ಹೊರಗಿನ ಉಪಕರಣದ ವೈರು, ಬ್ಯಾಟರಿ ಕೆಟ್ಟರೆ ಮಗುವಿನ ಜಗತ್ತು ಮತ್ತೆ ನಿಶ್ಶಬ್ದ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನವೇ ತರಬೇತಿ ಎಲ್ಲಿ, ರಿಪೇರಿ ಖರ್ಚು ಯಾರದು, ಗ್ಯಾರಂಟಿ ಎಷ್ಟು ವರ್ಷ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು.

ಸನ್ನೆ ಭಾಷೆಗೆ ಹೆದರಬೇಡಿ

ಸನ್ನೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಹೆದರಿಕೆ ಅನೇಕ ತಂದೆತಾಯಿಯರಿಗಿದೆ. ಇದಕ್ಕೆ ಆಧಾರವಿಲ್ಲ. ಯಾವ ಭಾಷೆಯೂ ಇಲ್ಲದೆ ಬೆಳೆಯುವುದೇ ಮಗುವಿಗೆ ನಿಜವಾದ ಹಾನಿ. ಯಂತ್ರದಿಂದ ಮಾತು ಬರುವ ಮಗುವಿಗೂ ಸನ್ನೆ ನೆರವಾಗುತ್ತದೆ. ಯಂತ್ರದಿಂದ ಪ್ರಯೋಜನವಾಗದ ಮಗುವಿಗೆ ಅದೇ ತಾಯ್ನುಡಿ. ಭಾರತೀಯ ಸನ್ನೆ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಅದರ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಯಿತು. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ಹೊತ್ತಿಗೆ ಪದಗಳ ಸಂಖ್ಯೆ 10,000 ಮುಟ್ಟಿತು. ಈ ನಿಘಂಟಿನ ವಿಡಿಯೋಗಳನ್ನು ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಮನೆಯವರೆಲ್ಲ ದಿನಕ್ಕೆ ಐದು ಸನ್ನೆ ಕಲಿತರೆ ವರ್ಷದಲ್ಲಿ ಊಟದ ಹೊತ್ತಿನ ಹರಟೆಗೆ ಆ ಮಗುವೂ ಸೇರಿಕೊಳ್ಳುತ್ತದೆ.

ವಿಶೇಷ ಶಾಲೆಗಳಲ್ಲಿ ಸರ್ಕಾರದವೂ ಇವೆ, ಸ್ವಯಂಸೇವಾ ಸಂಸ್ಥೆಗಳವೂ ಇವೆ. ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿ ಸರ್ಕಾರಿ ಕಿವುಡ ಮಕ್ಕಳ ಶಾಲೆಗಳನ್ನು ನಡೆಸುತ್ತ ಬರಲಾಗಿದೆ. ಸಾಮಾನ್ಯ ಶಾಲೆಗೆ ಸೇರಿಸಿದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸುವಂತೆ, ಬೋರ್ಡಿನತ್ತ ತಿರುಗಿಕೊಂಡು ಪಾಠ ಹೇಳದಂತೆ ಶಿಕ್ಷಕರನ್ನು ಕೋರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೈಸೂರಿನಲ್ಲಿ ಜೆ.ಎಸ್.ಎಸ್. ವಿಶೇಷ ಚೇತನರ ಪಾಲಿಟೆಕ್ನಿಕ್ 1991ರಿಂದ ಇದೆ.

ಪ್ರಮಾಣಪತ್ರ ಮತ್ತು ಹಕ್ಕುಗಳು

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದವರನ್ನು ಮಂದ ಶ್ರವಣದವರೆಂದೂ, 70 ಡೆಸಿಬೆಲ್ ನಷ್ಟವಿದ್ದವರನ್ನು ಕಿವುಡರೆಂದೂ ಪರಿಗಣಿಸಲಾಗುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಮೀಸಲಾದ ಕನಿಷ್ಠ ಶೇ 4ರಲ್ಲಿ ಶೇ 1 ಇವರಿಗೆ ಸಲ್ಲುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5 ಸೀಟುಗಳು ಮೀಸಲು. ಇದಕ್ಕೆಲ್ಲ ವಿಶಿಷ್ಟ ಗುರುತಿನ ಚೀಟಿ ಬೇಕು. ಯು.ಡಿ.ಐ.ಡಿ. ಎಂದು ಕರೆಯುವ ಈ ಚೀಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ನಿಗದಿತ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು.

ಅರ್ಜಿ ತುಂಬಲು ತಿಳಿಯದವರು ಗ್ರಾಮ ಪಂಚಾಯಿತಿಗೆ ಹೋಗಿ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು’ ಯಾರು ಎಂದು ಕೇಳಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಯಲ್ಲಿ ಕೆಲಸ ಮಾಡುವ ಇವರು ಸ್ವತಃ ಅಂಗವೈಕಲ್ಯ ಉಳ್ಳವರು. ತಾಲ್ಲೂಕು ಮಟ್ಟದಲ್ಲಿ ‘ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು’ ಇರುತ್ತಾರೆ. ಪ್ರಮಾಣಪತ್ರ, ಪಿಂಚಣಿ, ಬಸ್ ಪಾಸು, ಸಾಧನ ಸಲಕರಣೆ ಎಲ್ಲದಕ್ಕೂ ದಾರಿ ತೋರಿಸುವುದು ಇವರ ಕೆಲಸ. ಇಂಥವರು ಇದ್ದಾರೆಂಬುದೇ ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 40-50 ಡೆಸಿಬೆಲ್ ನಷ್ಟವಿರುವವರಿಗೆ ಈ ಪ್ರಮಾಣಪತ್ರ ಸಿಗದೆ ಹೋಗಬಹುದು. ಹಾಗೆಂದು ಅವರಿಗೆ ತೊಂದರೆ ಇಲ್ಲವೆಂದಲ್ಲ. ಸಾಮಾನ್ಯ ಸಂಭಾಷಣೆಯ ಮಟ್ಟವೇ ಸುಮಾರು 60 ಡೆಸಿಬೆಲ್. ನಷ್ಟ ಇಷ್ಟಿದ್ದರೆ ತರಗತಿ, ಸಭೆ, ಫೋನು ಎಲ್ಲವೂ ಕಷ್ಟವೇ. ಕಾಯಿದೆಯ ಅಳತೆಗೆ ಸಿಗದ ಇವರಿಗೂ ಯಂತ್ರ ಬೇಕು, ಮನೆಯವರ ಸಹಕಾರ ಬೇಕು.

ಹಿರಿಯರ ಒಂಟಿತನ

ಮಾತು ಕೇಳಿಸದ ಹಿರಿಯರು ಮೊದಲು ಫೋನು ಬಿಡುತ್ತಾರೆ, ನಂತರ ಮದುವೆ ಮುಂಜಿ ಬಿಡುತ್ತಾರೆ, ಕೊನೆಗೆ ಜಗಲಿಯ ಹರಟೆಯನ್ನೂ ಬಿಡುತ್ತಾರೆ. ಮರೆವಿನ ಕಾಯಿಲೆಯ ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2020 ಮತ್ತು 2024ರ ವರದಿಗಳಲ್ಲಿ, ನಾವು ತಡೆಯಬಹುದಾದ ಅಪಾಯಕಾರಕಗಳ ಪಟ್ಟಿಯಲ್ಲಿ ಶ್ರವಣದೋಷಕ್ಕೆ ಪ್ರಮುಖ ಸ್ಥಾನ ಕೊಟ್ಟಿದೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ ಸುಮಾರು ಒಂದು ಸಾವಿರ ಮಂದಿಯನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ, ಶ್ರವಣ ನೆರವು ಪಡೆದವರ ಬುದ್ಧಿಶಕ್ತಿಯ ಕುಸಿತ ಅರ್ಧದಷ್ಟು ನಿಧಾನವಾಗಿತ್ತು. ಅಲ್ಲಿ ಅವರಿಗೆ ಯಂತ್ರದ ಜೊತೆಗೆ ತಜ್ಞರ ಸಲಹೆ ಮತ್ತು ಮರುಭೇಟಿಗಳನ್ನೂ ಒದಗಿಸಲಾಗಿತ್ತು ಎಂಬುದು ಗಮನಿಸಬೇಕಾದ ಅಂಶ.

ಮನೆಯಲ್ಲಿ ಏನು ಮಾಡಬೇಕು?

ಹಣ ಖರ್ಚಿಲ್ಲದ ನೆರವು ಮನೆಯಿಂದಲೇ ಆರಂಭವಾಗಬೇಕು.

- ಇನ್ನೊಂದು ಕೋಣೆಯಿಂದ ಕೂಗಬೇಡಿ. ಎದುರಿಗೆ ಬಂದು, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಮಾತನಾಡಿ.

- ಮೊದಲು ಹೆಸರು ಹಿಡಿದು ಕರೆದೋ ಭುಜ ಮುಟ್ಟಿಯೋ ಗಮನ ಸೆಳೆಯಿರಿ.

- ಕಿರುಚಬೇಡಿ. ಕಿರುಚಿದರೆ ವ್ಯಂಜನಗಳು ಇನ್ನಷ್ಟು ಕಲಸಿಹೋಗುತ್ತವೆ. ಅನೇಕರಿಗೆ ಮೆಲುದನಿ ಕೇಳಿಸುವುದಿಲ್ಲ, ಜೋರುದನಿ ನೋವು ಕೊಡುತ್ತದೆ. ಸಹಜ ದನಿಯಲ್ಲಿ ತುಸು ನಿಧಾನವಾಗಿ ಹೇಳಿ.

- ಅರ್ಥವಾಗದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ವಾಕ್ಯವನ್ನು ಬದಲಿಸಿ ಹೇಳಿ.

- ಮಾತಿನ ಹೊತ್ತಿನಲ್ಲಿ ಟಿ.ವಿ. ನಿಲ್ಲಿಸಿ. ಒಬ್ಬರಾದ ಮೇಲೆ ಒಬ್ಬರು ಮಾತನಾಡಿ.

- ಔಷಧದ ಪ್ರಮಾಣ, ಹಣದ ಲೆಕ್ಕ, ದಿನಾಂಕಗಳನ್ನು ಬರೆದುಕೊಡಿ. ಮಾತನ್ನು ಅಕ್ಷರವಾಗಿ ತೋರಿಸುವ ಮೊಬೈಲ್ ಸೌಲಭ್ಯ ಕನ್ನಡದಲ್ಲೂ ಇದೆ. ಮೊಮ್ಮಕ್ಕಳು ಅದನ್ನು ಕಲಿಸಿಕೊಡಲಿ.

- ‘ಬಿಡು, ಏನೂ ಇಲ್ಲ’ ಎನ್ನಬೇಡಿ. ಎಲ್ಲರೂ ನಕ್ಕ ಮಾತನ್ನು ಅವರಿಗೂ ಹೇಳಿ.

ಆಸ್ಪತ್ರೆ, ಬ್ಯಾಂಕುಗಳಲ್ಲಿ ಹೆಸರು ಕೂಗಿದಾಗ ಕೇಳಿಸದೆ ಸರದಿ ತಪ್ಪಿಸಿಕೊಂಡು ಮಧ್ಯಾಹ್ನದವರೆಗೆ ಕೂತವರಿದ್ದಾರೆ. ‘ಕಿವಿ ಕೇಳಿಸುವುದಿಲ್ಲ, ದಯವಿಟ್ಟು ಎದುರಿಗೆ ಬಂದು ತಿಳಿಸಿ’ ಎಂದು ಬರೆದ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟರೆ ಈ ಕಷ್ಟ ತಪ್ಪುತ್ತದೆ. 2020ರ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಯೂ ಮುಖಗವಸಿನ ಹಿಂದೆ ಮರೆಯಾದಾಗ, ತುಟಿಯ ಚಲನೆಯನ್ನೇ ನೆಚ್ಚಿಕೊಂಡಿದ್ದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಎದುರಿಗೆ ನಿಂತು ಮುಖ ತೋರಿಸಿ ಮಾತನಾಡುವುದು ಅವರಿಗೆ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪ್ರತಿ ವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನ ಬರುತ್ತದೆ, ಆ ಸುಮಾರಿಗೆ ಅನೇಕ ಕಡೆ ಉಚಿತ ತಪಾಸಣಾ ಶಿಬಿರಗಳು ನಡೆಯುತ್ತವೆ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಟಿ.ವಿ.ಯ ದನಿಯನ್ನು ದಿನೇ ದಿನೇ ಏರಿಸುವ ಹಿರಿಯರಿದ್ದರೆ, ಗದ್ದಲಕ್ಕೂ ಬೆಚ್ಚದೆ ನಿದ್ರಿಸುವ ಶಿಶುವಿದ್ದರೆ, ಕರೆದರೆ ತಿರುಗದ ಶಾಲಾ ಬಾಲಕನಿದ್ದರೆ, ಈ ವಾರವೇ ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ಜೊತೆಗೆ ಮನೆಯವರೊಬ್ಬರು ಒಳಗೆ ಹೋಗಿ ವೈದ್ಯರ ಮಾತನ್ನು ಕೇಳಿಸಿಕೊಂಡು ಬರೆದುಕೊಳ್ಳಲಿ. ಕೇಳಿಸದವರನ್ನು ಒಬ್ಬರನ್ನೇ ಕಳುಹಿಸಬೇಡಿ.